ಎಟುಕುವ ಬೆಲೆ

ಒಂದು ವಸ್ತುವಿನ ಬೆಲೆ ಎಷ್ಟೆಂದು ಅಂಗಡಿಯವನು ಹೇಳಬಲ್ಲ. ಆ ಬೆಲೆಯನ್ನು ಯಾರು ಯಾರು ತೆರುತ್ತಾರೆ ಎಂಬುದನ್ನು ಕೊಳ್ಳುವವನೇ ವಿಚಾರಿಸಿ ತಿಳಿಯಬೇಕಾಗುತ್ತದೆ. ಬಹುಕಾಲ ಗಡಿಭಾಗದ ಕನ್ನಡ ಶಾಲೆಯ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕಗಳನ್ನು ಕಲಿಸಿದ ನನಗೆ ಈ ಭೇದ ಹೊಳೆದದ್ದು ನಿವೃತ್ತಿಯ ಅನಂತರ, ಅದೂ ಒಂದು ಸೈಕಲ್ಲಿನ ನಿಮಿತ್ತವಾಗಿ.

ಪುಣೆಯಲ್ಲಿ ನೌಕರಿಗಿರುವ ನಮ್ಮಣ್ಣನ ಮಗ ದೀಪಾವಳಿಗೆಂದು ಸೋನ್ಯಾಳಕ್ಕೆ ಬಂದಿದ್ದ. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು, "ಕಾಕಾ, ದೂರದ ಹಾದಿ ಹೊಡಿಯೂವಂಥಾ ಸೈಕಲ್ ಬೇಕ್ರಿ. ಫ್ರೇಮ್ ಉಕ್ಕಿಂದಿರಬೇಕು, ಡಿಸ್ಕ್ ಬ್ರೇಕ್ ಇರಬೇಕು, ರೊಕ್ಕ ನನ್ನ ಕೈಗೆ ಎಟಕೂವಂಗಿರಬೇಕು" ಎಂದ. ಆತ ಕೂಡಿಟ್ಟುಕೊಂಡಿದ್ದ ಹಣ 30,000 ರೂಪಾಯಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರಾದ ನೆಲ. ಬೆಳಗಿನ ಜಾವ ಹ್ಯಾಂಡಲ್ಲಿನ ಮೇಲೆ ಬಾಗಿ ಸಾಗುವ ಆ ಕಡೆಯ ಹುಡುಗರನ್ನು ಕಂಡು ಬೆಳೆದವನಿಗೆ ಈ ಆಸೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವನ ಮೂರು ನಿಬಂಧನೆಗಳು ಒಂದರೊಡನೊಂದು ಹೊಂದುವುದು ಎಷ್ಟು ಕಷ್ಟವೆಂಬುದು ಹುಡುಕಲು ಹೊರಟ ಮೇಲೆಯೇ ನಮಗೆ ತಿಳಿದದ್ದು.

ಉಕ್ಕೇ ಏಕೆ? ನಮ್ಮ ತಂದೆಯವರ ಸೈಕಲ್ಲನ್ನು ನೆನೆದರೆ ಇದಕ್ಕೆ ಉತ್ತರ ದೊರೆಯುತ್ತದೆ. ಜೋಳದ ಚೀಲ, ಹಾಲಿನ ಕ್ಯಾನು, ಜ್ವರ ಬಂದ ಮಕ್ಕಳು, ಎಲ್ಲವನ್ನೂ ಅದು ಜತ್ತದವರೆಗೆ ಹೊತ್ತಿತ್ತು. ಒಮ್ಮೆ ಸೀಟಿನ ಕೆಳಗೆ ಫ್ರೇಮ್ ಬಿರುಕು ಬಿಟ್ಟಾಗ ಬೆಸುಗೆ ಹಾಕಿಸಿ ತಂದರು. ಆ ಗಾಯವನ್ನು ಹೊತ್ತೇ ಅದು ಮತ್ತೆ ಇಪ್ಪತ್ತು ವರ್ಷ ದುಡಿಯಿತು. ಉಕ್ಕು ಅಲ್ಯುಮಿನಿಯಮ್ಮಿಗಿಂತ ಸುಮಾರು ಮೂರು ಪಟ್ಟು ಭಾರ. ಬಾಗದೆ ನಿಲ್ಲುವ ಗುಣದಲ್ಲಿಯೂ ಸುಮಾರು ಮೂರು ಪಟ್ಟು. ಒಂದು ಮಿತಿಯೊಳಗಿನ ಹೊರೆಯನ್ನು ಉಕ್ಕು ಎಷ್ಟು ಬಾರಿಯಾದರೂ ತಾಳಬಲ್ಲದು. ಅಲ್ಯುಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಪೆಟ್ಟುಗಳೂ ಅದರ ಆಯುಷ್ಯದ ಲೆಕ್ಕಕ್ಕೆ ಸೇರುತ್ತವೆ. ಆದುದರಿಂದಲೇ ತಯಾರಕರು ಅದರ ಕೊಳವೆಗಳನ್ನು ದಪ್ಪವಾಗಿ ರಚಿಸುತ್ತಾರೆ. ಉಕ್ಕು ಸಾಮಾನ್ಯವಾಗಿ ಮುರಿಯುವ ಮುನ್ನ ಬಾಗುತ್ತದೆ. ಎಚ್ಚರಿಕೆ ಕೊಟ್ಟು ಕೈಬಿಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಬೆಸೆಯಬಲ್ಲ ಕೈಗಳು ನಮ್ಮ ಸುತ್ತಲೇ ಇವೆ. ಹಿಂದೆ ದಕ್ಷಿಣ ಭಾರತದಿಂದ ಹೊರದೇಶಗಳಿಗೆ ಹೋಗುತ್ತಿದ್ದ ಉಕ್ಕನ್ನು ಯುರೋಪಿನವರು 'ವೂಟ್ಸ್' ಎಂದು ಕರೆದರು. ಆ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ವಿಜ್ಞಾನಿ ಮೈಕೇಲ್ ಫ್ಯಾರಡೆ 1819ರಲ್ಲಿ ಅದನ್ನು ಪರೀಕ್ಷಿಸಿ ಬರೆದದ್ದುಂಟು. ಲೋಹದೊಡನೆ ನಮಗಿರುವ ನಂಟು ಹೊಸದಲ್ಲ.

ಡಿಸ್ಕ್ ಬ್ರೇಕ್ ಏಕೆ? ಹಳೆಯ ಸೈಕಲ್ಲುಗಳಲ್ಲಿ ರಬ್ಬರಿನ ಗುಂಡು ಗಾಲಿಯ ರಿಮ್ಮನ್ನು ಒತ್ತಿ ಹಿಡಿಯುತ್ತದೆ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಆ ಹಿಡಿತ ತೀರ ಕುಗ್ಗುತ್ತದೆ. ನಮ್ಮ ಎರೆಮಣ್ಣನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದರೆ ಸಾಕು, ಆ ಮಣ್ಣು ಬ್ರೇಕಿಗೂ ಗಾಲಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತೆ ಮಾಡುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಗಾಲಿಯ ನಡುವಿನ ಹಬ್ಬಿಗೆ ಕೂಡಿಸಿದ ತೆಳುವಾದ ಬಿಲ್ಲೆಯನ್ನು ಹಿಡಿದು ನಿಲ್ಲಿಸುವುದರಿಂದ ಕೆಸರಿನ ಕಾಟ ಬಹುಪಾಲು ತಪ್ಪುತ್ತದೆ. ಮಾಡಗ್ಯಾಳದ ಕುರಿಗಳ ಹಿಂಡು, ಕಬ್ಬಿನ ಟ್ರ್ಯಾಕ್ಟರು, ಶಾಲೆ ಬಿಟ್ಟ ಮಕ್ಕಳು, ಇವೆಲ್ಲ ಒಮ್ಮೆಲೇ ಎದುರಾಗುವ ರಸ್ತೆಯಲ್ಲಿ ನಿಲ್ಲಬಲ್ಲ ಶಕ್ತಿಯೇ ಮೊದಲ ಅಗತ್ಯ. ಅದನ್ನು ಷೋಕಿ ಎನ್ನಲಾಗದು.

ಆದರೆ ಪೇಟೆಯಲ್ಲಿ ಕಂಡದ್ದು ಎರಡೇ ತುದಿಗಳು. ಒಂದೆಡೆ ಡಿಸ್ಕ್ ಬ್ರೇಕ್ ಇದ್ದರೂ ಸಾಮಾನ್ಯ ಉಕ್ಕಿನ ಭಾರವಾದ ಅಗ್ಗದ ಸೈಕಲ್ಲುಗಳು. ದೂರದ ಪಯಣಕ್ಕೆ ಅವು ಹೇಳಿ ಮಾಡಿಸಿದವಲ್ಲ. ಇನ್ನೊಂದೆಡೆ ಕ್ರೋಮಿಯಮ್ ಮತ್ತು ಮಾಲಿಬ್ಡಿನಮ್ ಬೆರೆತ, 'ಕ್ರೋಮೋಲಿ' ಎಂದು ಕರೆಯುವ ಉಕ್ಕಿನ ತೆಳುಗೊಳವೆಗಳಿಂದ ಕಟ್ಟಿದ ಫ್ರೇಮುಗಳು. ಅವುಗಳಲ್ಲಿ ಬಹುಪಾಲು ವಿದೇಶದಿಂದ ಬರುವಂಥವು. ಸುಂಕ, ಸಾಗಣೆ ಸೇರಿದರೆ ಫ್ರೇಮ್ ಒಂದಕ್ಕೇ ಹುಡುಗನ ಹಣವೆಲ್ಲ ಮುಗಿಯುತ್ತಿತ್ತು. ನಡುವೆ ಇದ್ದುದೆಲ್ಲ ಅಲ್ಯುಮಿನಿಯಮ್.

ಆಗ ನನಗೊಂದು ಉಪಾಯ ಹೊಳೆಯಿತು. ಜಾಣತನವೆಂದೇ ಅಂದು ಭಾವಿಸಿದ್ದೆ. ಮಿರಜಿನಲ್ಲಿ ಗುಜರಿಯವರ ಬಳಿ ಹಳೆಯ, ಹಗುರವಾದ ಉಕ್ಕಿನ ಫ್ರೇಮೊಂದು 1,500 ರೂಪಾಯಿಗೆ ಸಿಕ್ಕಿತು. ಅದಕ್ಕೆ ಡಿಸ್ಕ್ ಬ್ರೇಕ್ ಕೂರಿಸುವ ಪಟ್ಟಿಗಳನ್ನು ಬೆಸೆಸಿದರೆ ಮೂರು ನಿಬಂಧನೆಗಳೂ ಪೂರೈಸಿದಂತೆ! ಪರಿಚಯದ ವೆಲ್ಡಿಂಗಿನವರ ಬಳಿ ಒಯ್ದೆವು. ಅವರು ಫ್ರೇಮನ್ನು ತಿರುಗಿಸಿ ತಿರುಗಿಸಿ ನೋಡಿದರು, ಹಿಂಗಾಲಿಯನ್ನು ಹಿಡಿಯುವ ಎಡಗೊಳವೆಯನ್ನು ಬೆರಳಿನಿಂದ ತಟ್ಟಿದರು.

"ಇದನ್ನ ನಾ ಮಾಡಂಗಿಲ್ಲರಿ, ಗುರುಗಳ."

"ಯಾಕ್ರಿ? ರೊಕ್ಕ ಎಷ್ಟಾದ್ರೂ ಕೊಡ್ತೀವಿ."

"ರೊಕ್ಕದ ಮಾತಲ್ಲರಿ. ಹಳೇ ಬ್ರೇಕು ಮ್ಯಾಲ ಹಿಡೀತಿತ್ತು, ಎರಡೂ ಕಡೆ ಭಾರ ಬೀಳ್ತಿತ್ತು. ಇದು ಕೆಳಗ ಹಿಡೀತೈತಿ, ಅದೂ ಒಂದ ಮಗ್ಗಲಕ್ಕ. ಈ ಕೊಳವಿ ಅದಕ್ಕಂತ ಮಾಡಿದ್ದಲ್ಲ. ನಾ ಹಚ್ಚಿ ಕೊಡ್ತೀನಿ, ನೋಡಾಕ ಚೆಂದನೂ ಇರತೈತಿ. ಒಂದಿನ ಇಳಿಜಾರಿನ್ಯಾಗ ಹುಡುಗ ಜೋರ್ ಹಿಡದಾಗ ಮುಂದಿನ ಫೋರ್ಕ್ ಮಡಚಿದ್ರ, ಆ ಪಾಪ ಯಾರ ಕಡೆ ಇಡೂಣ್ರಿ?"

ಅವರು ಹೇಳಿದ್ದು ಯಂತ್ರಶಾಸ್ತ್ರದ ದೃಷ್ಟಿಯಿಂದಲೂ ಸರಿ. ಡಿಸ್ಕ್ ಬ್ರೇಕಿನ ಹೊಡೆತ ಬೀಳುವುದು ಎಡಬದಿಯ ಒಂದೇ ಕಾಲಿನ ಮೇಲೆ, ಅಚ್ಚಿನ ಸಮೀಪದಲ್ಲಿ. ಆದ್ದರಿಂದ ಫ್ರೇಮನ್ನೂ ಫೋರ್ಕನ್ನೂ ಮೊದಲಿನಿಂದಲೇ ಅದಕ್ಕಾಗಿ ಬಲಪಡಿಸಿ ಕಟ್ಟಬೇಕು. ಅರ್ಧ ದಿನದ ಕೂಲಿಯನ್ನು ಅವರು ಕೈಬಿಟ್ಟರು. ನಾವು ಒತ್ತಾಯಿಸಿದರೂ ಕೈಬಿಟ್ಟರು. ಆ ದಿನ ಅವರ ಬಳಿ ಬೇರೆ ಕೆಲಸವೂ ಇರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನನ್ನ ಮನಸ್ಸಿಗೆ ನಾಚಿಕೆಯಾಯಿತು. ನಾನು ಹುಡುಕುತ್ತಿದ್ದದ್ದು ಎಟುಕುವ ಬೆಲೆಯನ್ನಲ್ಲ. ಬೆಲೆಯ ಒಂದು ಭಾಗವನ್ನು ಕಣ್ಣಿಗೆ ಬೀಳದ ಜಾಗಕ್ಕೆ ಸರಿಸುವ ದಾರಿಯನ್ನು. ಉಳಿಸಿದ ಹಣ ಎಲ್ಲಿಗೂ ಮಾಯವಾಗುತ್ತಿರಲಿಲ್ಲ. ಹುಡುಗನ ಎಲುಬುಗಳ ಮೇಲೆ ಸಾಲವಾಗಿ ಕೂರುತ್ತಿತ್ತು. ಅಗ್ಗ ಎಂಬುದು ಕೊಳ್ಳುವವನ ಕಿಸೆಯನ್ನು ಮಾತ್ರ ನೋಡುತ್ತದೆ. ಎಟುಕುವ ಬೆಲೆ ಎಂದರೆ, ನಾನು ತೆತ್ತ ಮೇಲೆ ಬೇರೊಬ್ಬರ ಹೆಸರಿನಲ್ಲಿ ಬಾಕಿ ಉಳಿಯದ ಬೆಲೆ. ಆ ಬೇರೊಬ್ಬರು ತಯಾರಿಸಿದ ಕಾರ್ಮಿಕರಿರಬಹುದು, ಸವಾರನಿರಬಹುದು, ರಸ್ತೆಗೆ ಅಡ್ಡಬಂದ ಯಾರದೋ ಮಗುವಿರಬಹುದು.

ಇಲ್ಲೊಂದು ಆಕ್ಷೇಪವನ್ನು ನಾನೇ ಎತ್ತಬೇಕು. ಇದು ಉಂಡವರ ನೀತಿಯಲ್ಲವೆ? ನಮ್ಮ ತಂದೆಯವರ ಸೈಕಲ್ಲಿಗೆ ಎಷ್ಟೋ ವರ್ಷ ಬ್ರೇಕೇ ಇರಲಿಲ್ಲ. ಚಪ್ಪಲಿಯ ಅಂಗಾಲನ್ನು ಮುಂಗಾಲಿಗೆ ಒತ್ತಿ ನಿಲ್ಲಿಸುತ್ತಿದ್ದರು. ಒಮ್ಮೆ ಹಾಗೆ ಮಾಡುವಾಗಲೇ ಬಿದ್ದು ಮೊಳಕಾಲಿಗೆ ಆದ ಗಾಯದ ಕಲೆ ಕೊನೆಯವರೆಗೂ ಇತ್ತು. ಬರದ ಸೀಮೆಯಲ್ಲಿ ಬ್ರೇಕಿನ ರಬ್ಬರಿಗಿಂತ ಬೀಜದ ಜೋಳ ಮುಖ್ಯವಾಗಿತ್ತು. ಅವರಿಗೆ ಹೋಗಿ ಪೂರ್ಣ ಬೆಲೆಯ ಉಪದೇಶ ಮಾಡುವ ಎದೆಗಾರಿಕೆ ನನಗಿಲ್ಲ. ಆದರೆ ಅವರು ತಮ್ಮ ಅಪಾಯವನ್ನು ಬಲ್ಲವರಾಗಿ ತಾವೇ ಹೊತ್ತರು. ಮಕ್ಕಳನ್ನು ಕೂರಿಸಿಕೊಂಡಾಗ ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡು ನಡೆಯುತ್ತಿದ್ದರು. ಬಡತನದಲ್ಲಿಯೂ ಅವರು ಎಳೆದ ಗೆರೆ ಅದು. ನನ್ನ ಕೈಯಲ್ಲಿ ಪಿಂಚಣಿಯಿತ್ತು, ಕಾಯಲು ಸಮಯವಿತ್ತು. ಆದರೂ ಆ ಗೆರೆಯನ್ನು ದಾಟಲು ಹೊರಟಿದ್ದೆ. ಇಲ್ಲದವನ ಅನಿವಾರ್ಯವನ್ನು ಇದ್ದವನು ಜಾಣತನವೆಂದು ನಟಿಸುವುದು ನೀತಿಯಲ್ಲ.

ನಮ್ಮ ತಾಲೂಕಿನ ಗುಡ್ಡಾಪುರ ದಾನಮ್ಮನ ನೆಲೆ. ಶರಣ ಪರಂಪರೆಯ ಗಾಳಿ ಇಲ್ಲಿ ಇಂದಿಗೂ ಬೀಸುತ್ತದೆ. ಆ ಪರಂಪರೆಯ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಾಲ್ಯದಲ್ಲಿ ಎಲ್ಲರೂ ಕೇಳಿದ್ದೇವೆ. ಗಂಡ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರಲು ಆಕೆ ಕಳಿಸಿದಳು. ಈ ಕಥೆಯನ್ನು ಅತಿಯಾಸೆಗೆ ಹಾಕಿದ ಕಡಿವಾಣವೆಂದೇ ನಾನು ಪಾಠ ಹೇಳುತ್ತ ಬಂದಿದ್ದೆ. ಈಗ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತಿದೆ. ಸುಲಭವಾಗಿ ಕೈಗೆ ಬಂದದ್ದೆಲ್ಲ ನಮಗೆ ಎಟುಕಿದ್ದಲ್ಲ. ನಮ್ಮ ಪಾಲಿನದಲ್ಲದ್ದು ಮಡಿಲಿಗೆ ಬಿದ್ದಾಗ, ಇದು ಯಾರ ಪಾಲಿನದೆಂದು ಆಕೆ ಕೇಳಿದಳು. ವೆಲ್ಡಿಂಗಿನವರು ಆ ಪ್ರಶ್ನೆಯನ್ನೇ ತಮ್ಮ ಮಾತಿನಲ್ಲಿ ಕೇಳಿದ್ದರು. ಕಾಯಕದಲ್ಲಿ ಮಾಡುವುದೆಷ್ಟೋ ಮಾಡಲೊಲ್ಲೆನೆನ್ನುವುದೂ ಅಷ್ಟೇ ಇದೆ.

ಹುಡುಗ ಎಂಟು ತಿಂಗಳು ಕಾದ. ಪ್ರತಿ ತಿಂಗಳೂ ಒಂದಿಷ್ಟು ಕೂಡಿಸಿದ. ಕೊನೆಗೆ ಪುಣೆಯಲ್ಲಿ ಒಬ್ಬ ಸವಾರರು ಬಳಸಿ ಮಾರಲು ಇಟ್ಟಿದ್ದ ಕ್ರೋಮೋಲಿ ಫ್ರೇಮ್ ದೊರೆಯಿತು. ಡಿಸ್ಕ್ ಬ್ರೇಕಿಗಾಗಿಯೇ ಕಟ್ಟಿದ್ದು, ಫೋರ್ಕ್ ಸಹಿತ ಬೆಲೆ 22,000 ರೂಪಾಯಿ. ಕೊಳ್ಳುವ ಮುನ್ನ ನಾವು ಪರೀಕ್ಷಿಸಿದ ಬಗೆಯನ್ನು ಆಸಕ್ತರಿಗಾಗಿ ಹೇಳುತ್ತೇನೆ. ಹ್ಯಾಂಡಲ್ ಕೂರುವ ಮುಂಗೊಳವೆಯ ಹಿಂದೆ, ಕೆಳಗೊಳವೆಯ ಅಡಿಯಲ್ಲಿ ಬಣ್ಣ ಸುಕ್ಕುಗಟ್ಟಿದೆಯೇ, ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡಿದೆವು. ಡಿಕ್ಕಿ ಹೊಡೆದಿದ್ದರೆ ಗುರುತು ಸಾಮಾನ್ಯವಾಗಿ ಅಲ್ಲಿರುತ್ತದೆ. ಸೀಟಿನ ಕಂಬಿಯನ್ನು ಹೊರತೆಗೆದು ಒಳಗಿನ ತುಕ್ಕನ್ನು ನೋಡಿದೆವು. ಹಿಂಗಾಲಿ ಕೂರುವ ಎರಡು ತುದಿಗಳ ನಡುವಿನ ಅಂತರ 135 ಮಿಲಿಮೀಟರ್ ಇದೆಯೆಂದು, ನಮ್ಮ ಗಾಲಿಗೆ ಹೊಂದುತ್ತದೆಂದು ಅಳೆದೆವು. ಬಳಿಕ ಒಂದು ತುದಿಯಿಂದ ದಾರ ಕಟ್ಟಿ, ಮುಂಗೊಳವೆಯನ್ನು ಬಳಸಿ ಇನ್ನೊಂದು ತುದಿಗೆ ತಂದು ಬಿಗಿದು, ಸೀಟಿನ ಕೊಳವೆಗೂ ದಾರಕ್ಕೂ ಎರಡು ಬದಿಯ ಅಂತರ ಸಮವಾಗಿದೆಯೇ ಎಂದು ಪರೀಕ್ಷಿಸಿದೆವು. ಸಮವಾಗಿತ್ತು. ಕಾಲು ರೂಪಾಯಿಯ ದಾರ ಇಪ್ಪತ್ತೆರಡು ಸಾವಿರದ ವಸ್ತುವಿನ ಸಾಕ್ಷಿ ಹೇಳಿತು.

ಗಾಲಿ, ಬ್ರೇಕು, ಸರಪಳಿಗಳನ್ನು ಕೂಡಿಸುವಷ್ಟರಲ್ಲಿ ಮೊದಲು ಎಣಿಸಿದ್ದ ಮೊತ್ತ ಮೀರಿತು. ಮೀರಿದ್ದಕ್ಕೆ ಹುಡುಗ ಮರುಗಲಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಮೊದಲು ಆತ ಸೈಕಲ್ಲನ್ನು ಒಯ್ದದ್ದು ಆ ವೆಲ್ಡಿಂಗಿನವರ ಬಳಿಗೇ. ಅವರು ಎಡಗೊಳವೆಯ ಬೆಸುಗೆಯ ಮೇಲೆ ಬೆರಳಾಡಿಸಿದರು, ಬ್ರೇಕನ್ನು ಹಿಡಿದು ಮುಂದಕ್ಕೆ ನೂಕಿ ನೋಡಿದರು.

"ಇದು ಅದಕ್ಕಂತ ಹುಟ್ಟಿದ್ದೈತಿ" ಎಂದರು. "ಹೋಗಿ ಬಾರಪಾ. ಮುಂದ ಎಂದರ ಏನರ ಆದ್ರ, ಇಲ್ಲಿ ನಾ ಅದೀನಿ."