ಮುಖ ಯಾರದು, ಪದಕ ಯಾರಿಗೆ?

ಹೊಲದ ಮೇಲೆ, ಕೆರೆಯ ನೀರಿನ ಮೇಲೆ, ದುಡಿದ ಕೂಲಿಯ ಮೇಲೆ ನಮಗಿರುವ ಹಕ್ಕಿನ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ, ಬೀದಿಗೂ ಇಳಿದಿದ್ದೇವೆ. ನಮ್ಮ ಮುಖದ ಮೇಲೆ ನಮಗೆ ಹಕ್ಕಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಕೇಳಿಕೊಂಡಿಲ್ಲ. ಹರಿದ ಪಟಕ, ಸುಕ್ಕುಗಟ್ಟಿದ ಕೆನ್ನೆ, ಒಡೆದ ಹಿಮ್ಮಡಿ ಇವು ಬೆಲೆ ಬಾಳುವ ವಸ್ತುಗಳು ಅಂತ ನಮಗೆ ಅನ್ನಿಸಿರಲೇ ಇಲ್ಲ. ಕ್ಯಾಮರಾ ಹಿಡಿದು ಬರುವವರಿಗೆ ಅದು ಯಾವತ್ತೋ ಗೊತ್ತಾಗಿದೆ.

ಫೋಟೋಗ್ರಫಿ ಕ್ಲಬ್ಬು ಅನ್ನುವುದು ದೊಡ್ಡ ಊರಿನ ಸಂಗತಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿದ್ದು. ಅದರ ನೆಲೆ ನೃಪತುಂಗ ರಸ್ತೆಯ ರಾಜ್ಯ ಯುವ ಕೇಂದ್ರ. ಯಾವ ನೃಪತುಂಗ? ನಮ್ಮ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗ. ರಾಜನ ಹೆಸರು ರಾಜಧಾನಿಯ ರಸ್ತೆಗೆ ಹೋಯಿತು. ಕೋಟೆ ಗೋಡೆ, ಕಾಗಿಣಾ ಹೊಳೆ, ಸಿಮೆಂಟ್ ಕಾರ್ಖಾನೆಯ ಧೂಳು ನಮಗೆ ಉಳಿದವು. ಇರಲಿ.

ಇಂಥ ಕ್ಲಬ್ಬುಗಳಲ್ಲಿ ಸದಸ್ಯರು ಚಿತ್ರ ತರುತ್ತಾರೆ, ಹಿರಿಯರು ತಿದ್ದುತ್ತಾರೆ. ಇಲ್ಲಿ ನೆರಳು ಹೆಚ್ಚಾಯಿತು, ಅಲ್ಲಿ ಅಂಚು ಕತ್ತರಿಸು ಅಂತ ಹೇಳಿಕೊಡುತ್ತಾರೆ. ಆಮೇಲೆ ಸ್ಪರ್ಧೆ, ತೀರ್ಪುಗಾರರ ಅಂಕ, ಪದಕ, ರಿಬ್ಬನ್ನು. ಆಯ್ಕೆಯಾದ ಚಿತ್ರಗಳ ಪ್ರದರ್ಶನಕ್ಕೆ 'ಸಲೂನ್' ಅಂತ ಹೆಸರು. ನಮ್ ಕಡಿ ಸಲೂನ್ ಅಂದ್ರ ಕ್ಷೌರದಂಗಡಿ. ಆ ಸಲೂನಿನಾಗೂ ನಮಗ ಬಹಳ ವರ್ಷ ಕುರ್ಚಿ ಇದ್ದಿಲ್ಲ. ಈ ಸಲೂನಿನಲ್ಲಿ ಇನ್ನೊಂದು ಬಗೆ: ನಮ್ಮ ಮುಖಕ್ಕೆ ಗೋಡೆಯ ಮೇಲೆ ಜಾಗವಿದೆ, ನಮಗೆ ಬಾಗಿಲು ಎಲ್ಲಿದೆ ಅನ್ನೋದೇ ಗೊತ್ತಿಲ್ಲ. ಇದು ಬೆಂಗಳೂರಿನ ಒಂದು ಸಂಸ್ಥೆಯ ಮೇಲಿನ ದೂರಲ್ಲ. ಜಗತ್ತಿನ ಎಲ್ಲ ಕಡೆಯ ಸಲೂನುಗಳ ರೂಢಿ ಇದು.

ಈ ಕ್ಲಬ್ಬುಗಳನ್ನು ಬರೀ ಶ್ರೀಮಂತರ ಶೋಕಿ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. ಕರ್ನಾಟಕದಲ್ಲಿ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡಿನಲ್ಲಿ ದಿನಗಟ್ಟಲೆ ಕೂತು ಹಕ್ಕಿಗಳ, ಪ್ರಾಣಿಗಳ ಚಿತ್ರ ತೆಗೆದರು. ಆ ಪರಂಪರೆಯಿಂದ ಒಂದು ನೀತಿಯೂ ಬಂತು. ಚಿತ್ರಕ್ಕಿಂತ ಜೀವಿಯ ಕ್ಷೇಮ ದೊಡ್ಡದು ಅನ್ನೋದು ನಿಸರ್ಗ ಛಾಯಾಗ್ರಾಹಕರ ಒಪ್ಪಿತ ನಿಯಮ. ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನು ನಮ್ಮ ದೇಶದ ಹಲವು ಸ್ಪರ್ಧೆಗಳು ತೆಗೆದುಕೊಳ್ಳುವುದೇ ಇಲ್ಲ. ಯಾಕೆಂದರೆ ಕ್ಯಾಮರಾ ಹತ್ತಿರ ಹೋದರೆ ತಾಯಿಹಕ್ಕಿ ಹೆದರಿ ಮರಿ ಬಿಟ್ಟು ಹೋದೀತು.

ಒಳ್ಳೆಯ ನಿಯಮ. ನನ್ನ ಪ್ರಶ್ನೆ ಇಷ್ಟೇ: ಗುಡಿಸಲೂ ಒಂದು ಗೂಡಲ್ಲವೇನು? ಹಕ್ಕಿಗೆ ಹೆದರಿಕೆಯಾದೀತು ಅಂತ ದೂರ ನಿಲ್ಲುವ ಮನುಷ್ಯ, ಕೇರಿಯಲ್ಲಿ ಹೆಂಗಸೊಬ್ಬಳು ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದರೆ ಹೊಸ್ತಿಲ ತನಕ ಯಾಕೆ ಬರುತ್ತಾನೆ? ಹಕ್ಕಿಯ ಚಿತ್ರದ ಕೆಳಗೆ ಅದು ಯಾವ ಹಕ್ಕಿ ಅಂತ ಸರಿಯಾದ ಹೆಸರು ಬರೆಯುತ್ತಾರೆ, ತಪ್ಪಿದರೆ ನಗೆಪಾಟಲಾಗುತ್ತಾರೆ. ಮುದುಕಿಯ ಚಿತ್ರದ ಕೆಳಗೆ 'ಮುಪ್ಪು' ಅಂತಲೋ 'ಬದುಕಿನ ಸುಕ್ಕು' ಅಂತಲೋ ಇರುತ್ತದೆ. ಆಕೆಗೂ ಅವರವ್ವ ಅಪ್ಪ ಇಟ್ಟ ಹೆಸರಿತ್ತು. ಚಿತ್ರ ತೆಗೆದವನ ಹೆಸರಿನ ಮುಂದೆ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಕೊಟ್ಟ ಬಿರುದಿನ ಅಕ್ಷರಗಳ ಸಾಲು, ಚಿತ್ರದೊಳಗಿನ ಮನುಷ್ಯನಿಗೆ ಒಂದಕ್ಷರವೂ ಇಲ್ಲ.

ಈ ಹೆಸರಳಿಸುವ ಕೆಲಸ ಹೊಸದಲ್ಲ. ಬ್ರಿಟಿಷರು 1868ರಿಂದ 1875ರವರೆಗೆ ಭಾರತದ ಜನರ ಫೋಟೋ ತೆಗೆಸಿ ಎಂಟು ಸಂಪುಟ ಅಚ್ಚು ಹಾಕಿಸಿದರು. ಅಲ್ಲಿ ಹೆಚ್ಚಿನ ಚಿತ್ರಗಳ ಕೆಳಗಿರುವುದು ಮನುಷ್ಯನ ಹೆಸರಲ್ಲ, ಅವನ ಜಾತಿಯ ಹೆಸರು, ಬುಡಕಟ್ಟಿನ ಹೆಸರು. 1876-78ರ ದೊಡ್ಡ ಬರದಲ್ಲಿ ಮದ್ರಾಸ್ ಪ್ರಾಂತದ ಸೇನಾಧಿಕಾರಿ ಹೂಪರ್ ಎಲುಬಿನ ಗೂಡಾಗಿದ್ದ ಜನರನ್ನು ಸಾಲಾಗಿ ಕೂಡಿಸಿ ಚಿತ್ರ ತೆಗೆದ. ತೆಗೆದ ಮೇಲೆ ಅವರಿಗೆ ಏನು ಮಾಡಿದೆ ಅಂತ ಆ ಕಾಲದಲ್ಲೇ ಅವನನ್ನು ಟೀಕಿಸಿದವರಿದ್ದರು. ನಮ್ಮ ಸೀಮೆ ಆಗ ನಿಜಾಮರದು. ಅವರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ ಬೇಟೆ, ದರ್ಬಾರು, ಅರಮನೆಗಳ ಜೊತೆಗೆ ಔರಂಗಾಬಾದ್ ಕಡೆಯ ಬರಗಾಲದ ಚಿತ್ರಗಳನ್ನೂ ತೆಗೆದರು. ಅರಮನೆಯ ಚಿತ್ರದಲ್ಲಿ ಒಬ್ಬೊಬ್ಬರಿಗೂ ಬಿರುದು ಸಮೇತ ಹೆಸರಿದೆ, ಬರದ ಚಿತ್ರದಲ್ಲಿ ಇರುವುದು ಗುಂಪು. ಉಂಡವನಿಗೆ ಹೆಸರು, ಹಸಿದವನಿಗೆ ಗುಂಪು.

ಈಚಿನದೊಂದು ನೋಡಿ. 2023ರ ಜನವರಿ 19ರಂದು ಇದೇ ಮಳಖೇಡದಲ್ಲಿ ಪ್ರಧಾನಮಂತ್ರಿಗಳು ಬಂದು ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ ನಡೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸರ್ಕಾರದ ದಾಖಲೆಯಲ್ಲೇ ಇಲ್ಲದ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಅವುಗಳಲ್ಲಿ ಬಹಳಷ್ಟು ಲಂಬಾಣಿ ತಾಂಡಾಗಳು. ಲಂಬಾಣಿ ಹೆಂಗಸಿನ ಕನ್ನಡಿ ಹೊಲಿದ ಕುಪ್ಪಸ, ಕೈತುಂಬ ಬಳೆ ಎಷ್ಟು ವರ್ಷದಿಂದ ಪ್ರದರ್ಶನಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಭಿತ್ತಿಪತ್ರಗಳಲ್ಲಿ ಇದ್ದಾವೆ ಲೆಕ್ಕ ಹಾಕಿ. ಆಕೆಯ ಮುಖ ದೇಶ ವಿದೇಶ ಸುತ್ತಿ ಬಂತು, ಆಕೆಯ ಮನೆ ಮಾತ್ರ ತಹಶೀಲ್ದಾರರ ಕಾಗದದಲ್ಲಿ ಇರಲಿಲ್ಲ.

ಈಗ ಸ್ಟುಡಿಯೋದವರ ಮಾತಿಗೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲೇ ಹೋದರೂ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇರುತ್ತದೆ. ಇವರಿಗೆ ಯಾವ ಸಲೂನೂ ಪದಕ ಕೊಡೋದಿಲ್ಲ. ಆಗಸ್ಟ್ 19ರ ಛಾಯಾಗ್ರಹಣ ದಿನ ತಮ್ಮ ತಮ್ಮಲ್ಲೇ ಹಾರ ಹಾಕಿಕೊಂಡರೆ ಅದೇ ದೊಡ್ಡದು. ಆದರೆ ನೀತಿಯ ಪಾಠ ನನಗೆ ಸಿಗುವುದು ಇವರ ಹತ್ತಿರ. ಶಹಾಬಾದಿನ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುವ ಮನುಷ್ಯ ಸ್ಟುಡಿಯೋಕ್ಕೆ ಬರುವಾಗ ಮಾರಿ ತೊಳೆದು, ತಲೆ ಬಾಚಿ, ಇದ್ದದ್ದರಲ್ಲಿ ಚಲೋ ಅಂಗಿ ಹಾಕಿಕೊಂಡು ಬರುತ್ತಾನೆ. "ಅಣ್ಣಾ, ನೆಟ್ಟಗ ಕುಂದ್ರು, ಗುಂಡಿ ಹಚ್ಕೊ" ಅಂತಾನೆ ಸ್ಟುಡಿಯೋದವ. "ಚಂದ ಬರ್ಲಿ ನೋಡ್ ಮತ್ತ" ಅಂತಾನೆ ಇವ. ರೊಕ್ಕ ಕೊಟ್ಟವನು ಯಜಮಾನ. ಚಿತ್ರ ಸರಿ ಬರಲಿಲ್ಲ ಅಂದರೆ ಜಗಳ ಮಾಡುವ ಹಕ್ಕು ಅವನಿಗಿದೆ. ಅದೇ ಮನುಷ್ಯ ಖಣಿಯಲ್ಲಿ ಬೆವರು ಧೂಳಿನಲ್ಲಿ ನಿಂತಾಗ ಬಂದ ಹವ್ಯಾಸಿ ಛಾಯಾಗ್ರಾಹಕ "ನೀವು ನಿಮ್ಮ ಕೆಲಸ ಮಾಡ್ತಾ ಇರಿ, ನನ್ನ ಕಡೆ ನೋಡಬೇಡಿ" ಅಂತಾನೆ. ಕೂಲಿಕಾರ ತನ್ನ ಕಡೆ ನೋಡಿದರೆ ಚಿತ್ರ ಸಹಜವಾಗಿ ಬರೋದಿಲ್ಲವಂತೆ.

ಸ್ಟುಡಿಯೋದವರು ದೇವದೂತರೇನಲ್ಲ. ಹುಡುಗಿಯ ಮದುವೆ ಫೋಟೋಕ್ಕೆ ಮುಖ ಬೆಳ್ಳಗೆ ಮಾಡಿಕೊಡುವುದು ಅವರ ಹಳೇ ಚಾಳಿ. ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಸಲೂನಿನ ಕಲಾವಿದ ಅದರ ಉಲ್ಟಾ: ಕಪ್ಪನ್ನು ಇನ್ನೂ ಕಪ್ಪು ಮಾಡಿ, ಸುಕ್ಕನ್ನು ಇನ್ನೂ ಆಳ ಮಾಡಿ, ಬಡತನಕ್ಕೆ ಮೆರುಗು ಕೊಡುತ್ತಾನೆ. ನಮ್ಮ ನಿಜವಾದ ಬಣ್ಣ ಇಬ್ಬರಿಗೂ ಬೇಡವಾಗಿದೆ. ಆದರೂ ಒಬ್ಬ ನಾವು ಕೇಳಿದ ಸುಳ್ಳು ಹೇಳುತ್ತಾನೆ, ಇನ್ನೊಬ್ಬ ತನಗೆ ಬೇಕಾದ ಸುಳ್ಳು.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಅಮೆರಿಕದ ಕರಿಯರ ನಾಯಕ ಫ್ರೆಡರಿಕ್ ಡಗ್ಲಾಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದಲ್ಲೇ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಮನುಷ್ಯ ಅಂತ ಹೇಳುತ್ತಾರೆ. ನೂರೈವತ್ತಕ್ಕೂ ಹೆಚ್ಚು ಚಿತ್ರಗಳಿವೆ. ಕೋಟು ಹಾಕಿ, ನಗದೆ, ಬಿಗಿಯಾಗಿ ನೋಡುತ್ತ ಕೂತಿದ್ದಾರೆ. ಬಿಳಿಯರು ಬಿಡಿಸುತ್ತಿದ್ದ ಹಲ್ಲುಕಿರಿಯುವ ಗುಲಾಮನ ವ್ಯಂಗ್ಯಚಿತ್ರಕ್ಕೆ ಅದು ಅವರ ಉತ್ತರ. ನಮ್ಮ ಕೇರಿಯ ಮನೆಗಳಲ್ಲಿ ಗೋಡೆಯ ಮೇಲೆ ಇರುವ ಬಾಬಾಸಾಹೇಬರ ಫೋಟೋ ನೆನಪಿಸಿಕೊಳ್ಳಿ. ಸೂಟು, ಟೈ, ಕನ್ನಡಕ. ಜಾತಿ ನಮ್ಮ ಮೈಗೆ ಯಾವ ಬಟ್ಟೆ ಬೇಡ ಅಂದಿತ್ತೋ ಅದನ್ನೇ ತೊಟ್ಟು ನಿಂತ ಆ ಚಿತ್ರಕ್ಕೆ ಸಲೂನಿನ ತೀರ್ಪುಗಾರರು ಎಷ್ಟು ಅಂಕ ಕೊಟ್ಟಾರು? ಬೆಳಕು ಸಪ್ಪೆ, ಭಂಗಿ ಹಳೇದು ಅಂದಾರು. ನಮಗೆ ಬೇಕಾದ ಅಂಕ ಅದಲ್ಲ.

ಇಲ್ಲಿ ಕೆಲವು ಗೆಳೆಯರು ತಡೆದು ಕೇಳುತ್ತಾರೆ: ಹಾಗಾದರೆ ಅನ್ಯಾಯದ ಚಿತ್ರವನ್ನೂ ತೆಗೆಯಬಾರದೇನು? ಸಾಕ್ಷಿ ಎಲ್ಲಿಂದ ಬರಬೇಕು? ನ್ಯಾಯವಾದ ಪ್ರಶ್ನೆ. ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲು ಹೋದ ನಮ್ಮ ಕಾರ್ಯಕರ್ತರ ಮೇಲೆ, ಪೋಲಿಸರ ಮೇಲೆ ಗುಂಪು ಬಿತ್ತು, ಅವರನ್ನೇ ಬೆತ್ತಲೆ ಮಾಡಿತು. ಆ ಸೇವೆಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದರಿಂದ ನಾಡು ಎಚ್ಚೆತ್ತದ್ದೂ ನಿಜ. ಹೊಳೆಯಿಂದ ಎದ್ದು ಬರುವ ಆ ತಾಯಂದಿರ ಬೆತ್ತಲೆ ಮೈ ಇನ್ನೊಂದು ಸಲ ಸಾವಿರಾರು ಮನೆಗಳಲ್ಲಿ ಬೆತ್ತಲೆಯಾದದ್ದೂ ನಿಜ. ನನ್ನ ಮಟ್ಟಿಗೆ ಹೇಳುವುದಾದರೆ, ಕ್ಯಾಮರಾ ತಿರುಗಬೇಕಾದದ್ದು ಮಾಡಿಸುವವರ ಕಡೆ, ನಿಂತು ನೋಡುವವರ ಕಡೆ, ಮಾಡಿಸಿಕೊಂಡವರ ಮೈ ಕಡೆ ಅಲ್ಲ. ಬಡತನದ ಎಲ್ಲ ಕಲಾತ್ಮಕ ಚಿತ್ರಗಳ ದೋಷವೂ ಇದೇ. ಕಲ್ಲು ಒಡೆಯುವವಳು ಕಾಣುತ್ತಾಳೆ, ಖಣಿಯ ಗುತ್ತೇದಾರ ಎಂದೂ ಚೌಕಟ್ಟಿನೊಳಗೆ ಬರೋದಿಲ್ಲ. ತೊಗರಿ ಕೊಯ್ಯುವ ಬಾಗಿದ ಬೆನ್ನು ಕಾಣುತ್ತದೆ, ತೊಗರಿಯ ಚೀಲ ಯಾರ ಮನೆ ಸೇರಿತು ಅನ್ನೋದು ಕಾಣೋದಿಲ್ಲ. ಕಾರಣವನ್ನು ಕತ್ತರಿಸಿ ಹಾಕಿದ ಮೇಲೆ ಉಳಿಯುವ ನೋವು ನೋಡಲಿಕ್ಕೆ ಚೆಂದವೇ ಇರುತ್ತದೆ.

ಇನ್ನು ಚಿತ್ರವೊಂದಿದ್ದರೆ ನ್ಯಾಯ ಸಿಕ್ಕೀತು ಅನ್ನುವ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಚಿತ್ರಗಳು ಬಂದವು, ನಾವೆಲ್ಲ ನೋಡಿದೆವು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದಿದ್ದರು. ಚಿತ್ರ ಗೋಡೆಯ ಮೇಲೆ ನಿಲ್ಲುತ್ತದೆ, ಕಟಕಟೆಯಲ್ಲಿ ನಿಲ್ಲಬೇಕಾದವನು ಮನುಷ್ಯ. ಅವನು ಅದೇ ಊರಲ್ಲಿ ಅದೇ ಗೌಡರ ಹೊಲದಲ್ಲಿ ನಾಳೆ ದುಡಿಯಬೇಕು.

ಸವಣೂರಿನದು ಬೇರೆ ಬಗೆ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ತಮ್ಮನ್ನು ಎತ್ತಂಗಡಿ ಮಾಡಲು ಹೊರಟ ಪುರಸಭೆಯ ಮುಂದೆ ಮಲ ಸುರಿದುಕೊಂಡು ನಿಂತರು. ಆ ಚಿತ್ರ ನೋಡಿ ಅನ್ನ ಸೇರದವರಿದ್ದಾರೆ. ಅದು ಕದ್ದು ತೆಗೆದ ಚಿತ್ರವಲ್ಲ, ಕರುಣೆಗೆ ಹುಡುಕಿಕೊಂಡು ಹೋಗಿ ತೆಗೆದದ್ದೂ ಅಲ್ಲ. ಏನು ಕಾಣಬೇಕು, ಎಲ್ಲಿ ಕಾಣಬೇಕು, ಯಾರ ಎದುರು ಕಾಣಬೇಕು ಅಂತ ನಿಂತವರೇ ತೀರ್ಮಾನ ಮಾಡಿದ್ದರು. ಕ್ಯಾಮರಾದವನು ಅಲ್ಲಿ ಬರೀ ಕರೆಗೆ ಬಂದವನು. ಅದನ್ನು ನೋಡಿ ನಾಚಿಕೆಯಾದದ್ದು ನೋಡಿದವರಿಗೆ, ನಿಂತವರಿಗಲ್ಲ.

ಹಾಗಂತ ದಲಿತರ ಚಿತ್ರವನ್ನು ದಲಿತರೇ ತೆಗೆಯಬೇಕು ಅಂತ ಬೇಲಿ ಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಜೀವಮಾನವಿಡೀ ಸಾಮಾನ್ಯ ಜನರ ಚಿತ್ರ ತೆಗೆದರು. ಸಿಡುಬು ನಿರ್ಮೂಲನದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿ ಹಳ್ಳಿ ತಿರುಗಿದರು. ಅವರ ಚಿತ್ರದ ಮಕ್ಕಳು ಬಡವರೇ, ಆದರೆ ಆಡುತ್ತಾರೆ, ನಗುತ್ತಾರೆ, ತಿರುಗಿ ಕ್ಯಾಮರಾ ಕಡೆ ನೋಡುತ್ತಾರೆ. ಮುಂಬೈಯ ಸುಧಾರಕ ಓಲ್ವೆ ಅಲ್ಲಿನ ಪಾಲಿಕೆಯ ಸಫಾಯಿ ಕಾರ್ಮಿಕರ ಜೊತೆ ವರ್ಷಗಟ್ಟಲೆ ಓಡಾಡಿ ಚಿತ್ರ ತೆಗೆದರು. ಒಂದು ಭಾನುವಾರ ಜೀಪಿನಲ್ಲಿ ಬಂದು ಸಂಜೆಗೆ ಹೋದವರಲ್ಲ. ತಮಿಳುನಾಡಿನ ಎಂ. ಪಳನಿಕುಮಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಫಾಯಿ ಕಾರ್ಮಿಕರ ಮಕ್ಕಳ ಕೈಗೆ ಕ್ಯಾಮರಾ ಕೊಟ್ಟು ಕಲಿಸಿದರು. ಆ ಮಕ್ಕಳು ತಮ್ಮ ಅವ್ವ ಅಪ್ಪನ ಚಿತ್ರ ತೆಗೆಯುವಾಗ 'ಮುಪ್ಪು' ಅಂತ ಹೆಸರಿಡಲು ಸಾಧ್ಯವೇ ಇಲ್ಲ.

ಈಗ ಪ್ರತಿ ಹುಡುಗನ ಕಿಸೆಯಲ್ಲೂ ಮೊಬೈಲಿದೆ. ಆದ್ದರಿಂದ ಸಮಸ್ಯೆ ತೀರಿತು ಅನ್ನುವವರೂ ಇದ್ದಾರೆ. ಕ್ಯಾಮರಾ ಕೈಗೆ ಬಂತು, ಗೋಡೆ ಬಂದಿಲ್ಲ. ಯಾವ ಚಿತ್ರ ಎಲ್ಲಿ ತೂಗಬೇಕು, ಯಾವುದು ಕಲೆ, ಯಾವುದು ಬರೀ ಸೆಲ್ಫಿ ಅಂತ ಹೇಳುವ ಅಧಿಕಾರ ಇನ್ನೂ ಹಳೇ ಕೈಗಳಲ್ಲೇ ಇದೆ. ನಮ್ಮ ಭಾಗದ ಶಾಲೆಗಳಲ್ಲಿ ಮೇಷ್ಟ್ರಾಗಿರುವ ಗೆಳೆಯರು ಇದನ್ನು ಮನಸ್ಸು ಮಾಡಿದರೆ ಮಾಡಬಹುದು: ಮಕ್ಕಳು ತೆಗೆದ ಕೇರಿಯ ಚಿತ್ರಗಳನ್ನು ಅಚ್ಚು ಹಾಕಿಸಿ, ಜಿಲ್ಲಾ ಕೇಂದ್ರದ ಸಭಾಂಗಣಕ್ಕಲ್ಲ, ಮೊದಲು ಅದೇ ಕೇರಿಯ ಸಮುದಾಯ ಭವನದಲ್ಲಿ ತೂಗುಹಾಕುವುದು. ಚಿತ್ರದಲ್ಲಿರುವವರು ಬಂದು ನೋಡಲಿ. "ಇದ್ ನಂದು ತೆಗೀರಿ, ನನಗ ಸೇರ್ಲಿಲ್ಲ" ಅಂತ ಯಾವ ಮುದುಕಿ ಹೇಳಿದರೂ ಆ ಚಿತ್ರ ಗೋಡೆಯಿಂದ ಇಳಿಯಬೇಕು, ಎಷ್ಟೇ ಒಳ್ಳೆಯ ಚಿತ್ರವಾಗಿದ್ದರೂ.