ಖಾಲಿ ಜಾಗ ಅಂದವರು ಯಾರು?

ಭೂಪಟದ ಉತ್ತರ ತುದಿಯಲ್ಲಿ ಬರೀ ಬಿಳಿ ಬಣ್ಣ. ಅದು ಹಿಮದ ನಾಡು, ಖಾಲಿ ಜಾಗ ಅಂತ ನಾವು ಶಾಲೆಯಲ್ಲಿ ಕಲಿತೆವು, ಹಾಗೇ ಕಲಿಸಿದೆವು. ಆಳುವವರು ಯಾವ ನೆಲವನ್ನಾದರೂ ಖಾಲಿ ಅಂದರೆ, ಅಲ್ಲಿಂದ ಯಾರನ್ನು ಎಬ್ಬಿಸಿದಿರಿ ಅಂತ ಮೊದಲು ಕೇಳಬೇಕು.

ಗ್ರೀನ್‌ಲ್ಯಾಂಡಿನ ವಾಯವ್ಯ ಭಾಗದ ಊಮ್ಮನ್ನಾಕ್‌ನಲ್ಲಿ ಇನುಗುಯಿಟ್ ಜನ ಸೀಲ್, ವಾಲ್ರಸ್ ಬೇಟೆಯಾಡಿ ಬದುಕಿದ್ದರು. ಅಮೆರಿಕ, ಸೋವಿಯತ್ ಒಕ್ಕೂಟಗಳ ಶೀತಲ ಸಮರ ಶುರುವಾಯಿತು. 1951ರಲ್ಲಿ ಡೆನ್ಮಾರ್ಕ್ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. ಇವರ ಮನೆಗಳ ಹತ್ತಿರವೇ ಥೂಲೆ ವಿಮಾನ ನೆಲೆ ಎದ್ದಿತು. ಅದರ ಗದ್ದಲಕ್ಕೆ ಬೇಟೆ ಕೆಟ್ಟಿತು. 1953ರ ಮೇ ತಿಂಗಳಲ್ಲಿ ನೂರಕ್ಕೂ ಮಿಕ್ಕ ಜನಕ್ಕೆ ಕೆಲವೇ ದಿನಗಳ ಗಡುವು ಕೊಟ್ಟರು. ನಾಯಿಗಳು ಎಳೆಯುವ ಬಂಡಿಗೆ ಸಾಮಾನು ಹೇರಿಕೊಂಡು ಅವರು ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದ ಕಾನಾಕ್‌ಗೆ ಹೋದರು. ಅಲ್ಲಿ ಮನೆ ಇನ್ನೂ ಎದ್ದಿರಲಿಲ್ಲ. ಗುಡಾರದಲ್ಲಿ ಕಾದರು.

ಸರ್ಕಾರ ಹೇಳಿದ್ದೇನು? ಅವರೇ ಇಷ್ಟಪಟ್ಟು ಹೋದರು ಅಂತ! ದಶಕಗಳ ಕಾಲ ಇದೇ ಮಾತು. 1999ರಲ್ಲಿ ಡೆನ್ಮಾರ್ಕಿನ ಉಚ್ಚ ನ್ಯಾಯಾಲಯ ಅದು ಬಲವಂತವೇ ಅಂದಿತು. ಪ್ರಧಾನಿ ಕ್ಷಮೆ ಕೇಳಿದರು. ಆ ನೆಲಕ್ಕೆ ಮರಳುವ ಹಕ್ಕು ಮಾತ್ರ ಸಿಗಲಿಲ್ಲ. ಬೇಟೆ ಕೆಡಿಸಿದವರೇ ಬಂದು ಹೋಗ್ತೀರಾ ಅಂತ ಕೇಳಿದರೆ, ಇಲ್ಲ ಅನ್ನಲಾರದವನ 'ಹೂಂ' ಒಪ್ಪಿಗೆ ಹೇಗಾದೀತು?

ಇನ್ನೊಂದು ಬಗೆ ಅರ್ಧ ಸತ್ಯದ್ದು. 1959ರಲ್ಲಿ ಅಮೆರಿಕದ ಸೈನ್ಯ ಅಲ್ಲಿನ ಹಿಮರಾಶಿಯೊಳಗೆ 'ಕ್ಯಾಂಪ್ ಸೆಂಚುರಿ' ಕೊರೆಯಲು ತೊಡಗಿತು. ವಿಜ್ಞಾನಕ್ಕಾಗಿ ಅಂತ ಸಾರಿತು, ಸಿನಿಮಾ ಮಾಡಿ ತೋರಿಸಿತು. ವಿಜ್ಞಾನ ನಡೆದದ್ದೂ ನಿಜ. ಆದರೆ ಹಿಮದಡಿ ನೂರಾರು ಅಣ್ವಸ್ತ್ರ ಕ್ಷಿಪಣಿ ಅಡಗಿಸುವ ಯೋಜನೆ ಅದರ ಹಿಂದಿತ್ತು ಅಂತ ಜನಕ್ಕೆ ಗೊತ್ತಾದದ್ದು 1990ರ ದಶಕದಲ್ಲಿ. ಹಿಮ ಸರಿಯುತ್ತಿದ್ದುದರಿಂದ ಆ ಯೋಜನೆ ಕೈಬಿಟ್ಟರು. ಕಸ ಅಲ್ಲೇ ಉಳಿದಿದೆ.

ಡೆನ್ಮಾರ್ಕ್ ತನ್ನ ನೆಲದಲ್ಲಿ ಅಣ್ವಸ್ತ್ರ ಬೇಡ ಅಂತ ಜನಕ್ಕೆ ಹೇಳುತ್ತಿತ್ತು. 1957ರಲ್ಲೇ ಅದರ ಪ್ರಧಾನಿ ಎಚ್. ಸಿ. ಹಾನ್ಸೆನ್ ಗುಟ್ಟಾಗಿ ಅಮೆರಿಕಕ್ಕೆ ದಾರಿ ಬಿಟ್ಟಿದ್ದರು. 1968ರ ಜನವರಿಯಲ್ಲಿ ನಾಲ್ಕು ಹೈಡ್ರೋಜನ್ ಬಾಂಬ್ ಹೊತ್ತ ಬಿ-52 ವಿಮಾನ ಥೂಲೆ ಬಳಿ ಬಿತ್ತು. ಪ್ಲುಟೋನಿಯಂ ಬೆರೆತ ಹಿಮ ಬಳಿಯಲು ಕೂಲಿಕಾರರು ಬಂದರು.

ಯುದ್ಧದ ಕಾಲದಲ್ಲಿ ಗುಟ್ಟು ಬೇಡವೇ ಅಂತ ಕೇಳುವವರಿದ್ದಾರೆ. ಶತ್ರುವಿಗೆ ಮುಚ್ಚಿಟ್ಟರೆ ಗುಟ್ಟು ಅನ್ನೋಣ. ಆ ನೆಲದ ಮೇಲೆ ಮಕ್ಕಳನ್ನು ಮಲಗಿಸುವವರಿಗೇ ಮುಚ್ಚಿಟ್ಟರೆ ಅದಕ್ಕೆ ಮೋಸ ಅನ್ನದೆ ಬೇರೆ ಹೆಸರಿಲ್ಲ.

2025ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ರಕ್ಷಣೆಗಾಗಿ ಗ್ರೀನ್‌ಲ್ಯಾಂಡ್ ತಮಗೇ ಬೇಕು ಅಂದರು. ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಯಾರ ರಕ್ಷಣೆ? ಯಾರ ಮನೆ ಎಬ್ಬಿಸಿ?

ಮೇಷ್ಟರೇ, ನಾಳೆ ಭೂಪಟ ಬಿಡಿಸುವಾಗ ಆ ಬಿಳಿ ಜಾಗದಲ್ಲಿ ಊಮ್ಮನ್ನಾಕ್ ಅಂತ ಬರೆಯೋಣ. ಅಲ್ಲೊಂದು ಊರಿತ್ತು ಅಂತ ಮಕ್ಕಳಿಗೆ ಹೇಳೋಣ.