ಕೇಳಿಸಿಕೊಂಡವರ ಹೊಣೆ

ಠಾಕುರ್ಲಿಯಲ್ಲಿ ಮುಂಬಯಿ ಲೋಕಲ್ಲಿನ ವೇಗದ ಗಾಡಿಗಳು ನಿಲ್ಲುವುದಿಲ್ಲ. ಡೊಂಬಿವಲಿ ಕಲ್ಯಾಣಗಳ ನಡುವಣ ಈ ಊರಿನಲ್ಲಿ ಇಳಿಯತಕ್ಕವನು ನಿಧಾನದ ಗಾಡಿಯನ್ನೇ ಹಿಡಿಯಬೇಕು. ಮರಾಠಿ, ಕನ್ನಡ, ತುಳು, ತಮಿಳು, ಹಿಂದಿ ಮನೆಗಳ ಹುಡುಗರು ಭಾನುವಾರದ ಬೆಳಗ್ಗೆ ಇಲ್ಲಿಯ ಬಯಲಿನಲ್ಲಿ ಟೆನಿಸ್ ಚೆಂಡಿನಿಂದ ಕ್ರಿಕೆಟ್ ಆಡುವುದನ್ನು ನಿಂತು ನೋಡುವುದು ನನ್ನ ಬಹುಕಾಲದ ಅಭ್ಯಾಸ. ಒಂದು ದಿನ, ಸುಲಭದ ಕ್ಯಾಚೊಂದನ್ನು ಕೈಬಿಟ್ಟ ಹುಡುಗನನ್ನು ಅವನ ತಂಡದವರೇ 'ಏ ಕಾಳ್ಯಾ', ಎಂದರೆ ಕರಿಯ, ಎಂದು ಕೂಗಿದರು. ಇನ್ನೊಬ್ಬನು ಅದಕ್ಕೆ 'ಮದ್ರಾಸಿ' ಎಂಬುದನ್ನೂ ಸೇರಿಸಿದನು. ಎಲ್ಲರೂ ನಕ್ಕರು, ಆ ಹುಡುಗನೂ ನಕ್ಕನು. ಆ ನಗೆಯು ಅವನ ಸಮ್ಮತಿಯ ಚಿಹ್ನೆಯೋ, ಅಥವಾ ಆ ಗುಂಪಿನಲ್ಲಿ ಉಳಿದುಕೊಳ್ಳುವುದಕ್ಕಾಗಿ ಅವನು ವಾರವಾರವೂ ತೆರಬೇಕಾಗಿದ್ದ ಸುಂಕವೋ ಎಂಬ ಸಂದೇಹ ಅಂದು ನನ್ನಲ್ಲಿ ಹುಟ್ಟಿದುದು ಇನ್ನೂ ತೀರಿಲ್ಲ.

ನಮ್ಮಲ್ಲಿ 'ಕರಿಯ'ನೆಂಬುದು ಪ್ರೀತಿಯ ಹೆಸರಲ್ಲವೇ ಎಂದು ಕೇಳುವವರುಂಟು. ಅಹುದು, ಕರಿಯಪ್ಪ, ಕಾಳಮ್ಮ ಎಂದು ಮಕ್ಕಳಿಗೆ ಹೆಸರಿಟ್ಟು, ಆ ಹೆಸರಿನ ದೈವಗಳಿಗೆ ಕೈಮುಗಿದು ಬಾಳಿದ ಜನ ನಾವು. ಆದರೆ ತೊಡೆಯ ಮೇಲೆ ಕೂಡಿಸಿಕೊಂಡು ತಾಯಿಯು ಕರೆಯುವ ಹೆಸರಿನಲ್ಲಿ ಕರೆದವಳ ಮಮತೆಯೂ ಸೇರಿರುತ್ತದೆ. ತಪ್ಪುಮಾಡಿದ ಕ್ಷಣದಲ್ಲಿ, ಹತ್ತು ಮಂದಿಯ ಮುಂದೆ, ಅದೇ ಹೆಸರನ್ನು ಮುಖಕ್ಕೆ ಎಸೆದಾಗ, ಮೈಬಣ್ಣಕ್ಕೂ ಕೈತಪ್ಪಿಗೂ ಸಂಬಂಧವುಂಟೆಂಬ ತೀರ್ಪು ಅದರೊಳಗೆ ಅಡಗಿರುತ್ತದೆ. ವೆಸ್ಟ್ ಇಂಡೀಸಿನ ನಾಯಕನಾಗಿದ್ದ ಡ್ಯಾರೆನ್ ಸಾಮಿ 2013 ಮತ್ತು 2014ರಲ್ಲಿ ಹೈದರಾಬಾದಿನ ಸನ್‌ರೈಸರ್ಸ್ ತಂಡಕ್ಕೆ ಆಡಿದಾಗ, ಜೊತೆಯವರು ತನ್ನನ್ನು 'ಕಾಲೂ' ಎಂದು ಕರೆಯುತ್ತಿದ್ದುದನ್ನು ಬಲಿಷ್ಠವಾದ ಕುದುರೆಯೆಂಬ ಅರ್ಥದ ಮಾತೆಂದು ತಿಳಿದಿದ್ದರಂತೆ. ಅದರ ನಿಜಾರ್ಥ ತಿಳಿದು 2020ರಲ್ಲಿ ಅವರು ಕೋಪದಿಂದ ಪ್ರಶ್ನಿಸಿದರು, ಬಳಿಕ ಆಟಗಾರರೊಬ್ಬರೊಡನೆ ಮಾತಾಡಿ, ಅದು ಪ್ರೀತಿಯಿಂದಲೇ ಹೊರಟ ಮಾತೆಂದು ಸಮಾಧಾನಗೊಂಡರು. ಆ ಸಮಾಧಾನವನ್ನು ನಾನು ಗೌರವಿಸುತ್ತೇನೆ. ಆದರೆ ಒಬ್ಬ ಮನುಷ್ಯನು ತನ್ನನ್ನು ಕರೆದ ಮಾತಿನ ಅರ್ಥವನ್ನೇ ಅರಿಯದೆ ಅದಕ್ಕೆ ಓಗೊಟ್ಟನೆಂಬುದು, ಮತ್ತು ಆರು ವರ್ಷಗಳ ಕಾಲ ಅರ್ಥ ಬಲ್ಲವರಾರೂ ಅದನ್ನು ಅವನಿಗೆ ತಿಳಿಸಲಿಲ್ಲವೆಂಬುದು, ಪ್ರೀತಿಯ ಮಾತಿನಿಂದ ಅಳಿಸಿಹೋಗುವ ಸಂಗತಿಗಳಲ್ಲ.

ಈ ವಿಚಾರದಲ್ಲಿ ತಂಡಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆಯೇ ದಿಕ್ಕು ತಪ್ಪಿದುದು. 'ಅವನ ಮನಸ್ಸಿನಲ್ಲಿ ದ್ವೇಷವಿತ್ತೇ?' ಎಂದು ಕೇಳುತ್ತಾರೆ. ಆಡಿದವನ ಅಂತರಂಗವಾದರೋ ಅವನಿಗೇ ಪೂರ್ತಿ ತಿಳಿಯದು. ಆಡಿದ ಮಾತು ಮಾತ್ರ ಬಯಲಿನಲ್ಲಿದೆ, ಅದನ್ನು ಕೇಳಿದವರೂ ಬಯಲಿನಲ್ಲಿದ್ದಾರೆ. ನಮ್ಮ ಕರ್ನಾಟಕದ ವೇಗದ ಬೌಲರ್ ದೊಡ್ಡ ಗಣೇಶ್ 1997ರಲ್ಲಿ ಭಾರತಕ್ಕಾಗಿ ನಾಲ್ಕು ಟೆಸ್ಟ್ ಪಂದ್ಯಗಳನ್ನಾಡಿದವರು, ರಾಜ್ಯಕ್ಕಾಗಿ ನೂರರ ಸಮೀಪದಷ್ಟು ಪಂದ್ಯಗಳಲ್ಲಿ ದುಡಿದವರು. ತಮಿಳುನಾಡಿನ ಆಟಗಾರ ಅಭಿನವ್ ಮುಕುಂದ್ ತಮ್ಮ ಮೈಬಣ್ಣಕ್ಕಾಗಿ ಅನುಭವಿಸಿದ ನಿಂದೆಯ ಕಥೆಯನ್ನೋದಿ, ಗಣೇಶ್ 2020ರಲ್ಲಿ ತಾವೂ ಆಡುವ ದಿನಗಳಲ್ಲಿ ಅಂತಹ ಮಾತುಗಳನ್ನು ಕೇಳಿದುದನ್ನು ಹೇಳಿಕೊಂಡರು. ಭಾರತದ ಮಹಾನ್ ಆಟಗಾರರೊಬ್ಬರು ಅದಕ್ಕೆ ಸಾಕ್ಷಿಯಾಗಿದ್ದರೆಂದೂ, ಅದು ತಮ್ಮನ್ನು ಗಟ್ಟಿಗೊಳಿಸಿತೆಂದೂ ಸೇರಿಸಿದರು. ನಿಂದಿಸಿದವನ ಹೆಸರನ್ನು ಅವರು ಎತ್ತಲಿಲ್ಲ. ನೆನಪಿನಿಂದ ಎದ್ದುಬಂದುದು ಸಾಕ್ಷಿ. ಇಪ್ಪತ್ತು ವರ್ಷಗಳಿಗೂ ಮೀರಿದ ಕಾಲ ಒಬ್ಬನ ಎದೆಯಲ್ಲಿ ಸಾಕ್ಷಿಯಾಗಿ ನಿಂತವನೊಬ್ಬನು ಉಳಿದುಕೊಂಡನೆಂದರೆ, ತಂಡದ ಕರ್ತವ್ಯವು ಎಲ್ಲಿ ಆರಂಭವಾಗಬೇಕೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಕ್ಷಮೆಗೂ ದಂಡನೆಗೂ ಇರುವ ಭೇದವನ್ನು ಇಲ್ಲಿ ನಿಚ್ಚಳವಾಗಿ ಕಾಣಬೇಕು. 2019ರ ಜನವರಿ 22ರಂದು ಡರ್ಬನ್ನಿನಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹಮದ್ ದಕ್ಷಿಣ ಆಫ್ರಿಕದ ಆಂಡಿಲೆ ಫೆಲುಕ್ವಾಯೊ ಅವರನ್ನು ಉರ್ದುವಿನಲ್ಲಿ 'ಕಾಲೇ' ಎಂದು ಹೀಗಳೆದುದನ್ನು ವಿಕೆಟ್ಟಿನ ಮೈಕು ಹಿಡಿದು ಲೋಕಕ್ಕೆಲ್ಲ ಕೇಳಿಸಿತು. ಠಾಕುರ್ಲಿಯ ಬಯಲಿನ ಕೂಗಿಗೆ ಅದು ಎಷ್ಟು ಹತ್ತಿರದ ಪದವೆಂಬುದನ್ನು ವಾಚಕರು ಗಮನಿಸಬೇಕು. ಸರ್ಫರಾಜ್ ಖುದ್ದಾಗಿ ಹೋಗಿ ಕ್ಷಮೆ ಕೇಳಿದರು. ಫೆಲುಕ್ವಾಯೊ ಕೈಹಿಡಿದು ಕ್ಷಮಿಸಿದರು. ಆದರೂ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಸರ್ಫರಾಜರನ್ನು ನಾಲ್ಕು ಪಂದ್ಯಗಳಿಂದ ಹೊರಗಿಟ್ಟಿತು. ಪಾಕಿಸ್ತಾನದ ಮಂಡಳಿಯೋ, ವಿಷಯವು ಸೌಹಾರ್ದದಿಂದ ಮುಗಿದಿರುವಾಗ ದಂಡನೆಯೇಕೆಂದು ಅಸಮಾಧಾನ ಪ್ರಕಟಿಸಿತು. ನನ್ನ ಮಟ್ಟಿಗೆ ದಂಡನೆಯೇ ಸರಿ. ಕ್ಷಮೆಯು ನೊಂದವನ ಸ್ವತ್ತು. ಅದನ್ನು ಕೊಡುವುದೂ ಬಿಡುವುದೂ ಅವನಿಗೆ ಸೇರಿದುದು. ದಂಡನೆಯು ಸಮುದಾಯದ ಸಾಲ. ನೊಂದವನ ಔದಾರ್ಯವನ್ನು ತೋರಿಸಿ ಆ ಸಾಲವನ್ನು ಹರಿದೊಗೆಯುವ ತಂಡವು ತನ್ನ ಭಾರವನ್ನೂ ಅವನ ಹೆಗಲಿಗೇ ಹೊರಿಸುತ್ತದೆ. ಆಗ ಅವನಿಗೆ ಕ್ಷಮಿಸದಿರುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ.

ನಾವು ಆರೋಪಿಯ ಪಕ್ಷದಲ್ಲಿದ್ದಾಗ ಈ ವಿವೇಕ ಇನ್ನೂ ಕಠಿಣ. 2007ರ ಅಕ್ಟೋಬರಿನಲ್ಲಿ, ನಾವು ಲೋಕಲ್ ಹತ್ತಿ ಹೋಗಿ ನೋಡುವ ವಾಂಖೆಡೆ ಕ್ರೀಡಾಂಗಣದಲ್ಲಿಯೇ, ಪ್ರೇಕ್ಷಕರಲ್ಲಿ ಕೆಲವರು ಆಸ್ಟ್ರೇಲಿಯದ ಆಂಡ್ರ್ಯೂ ಸೈಮಂಡ್ಸ್ ಅವರ ಎದುರು ಕೋತಿಯ ಕೂಗು ಹಾಕಿದರು. ಮರುವರ್ಷದ ಜನವರಿಯಲ್ಲಿ, ಬೆಂಗಳೂರಿನ ಅನಿಲ್ ಕುಂಬ್ಳೆ ನಾಯಕರಾಗಿದ್ದ ಸಿಡ್ನಿ ಟೆಸ್ಟಿನಲ್ಲಿ, ಸೈಮಂಡ್ಸರಿಗೆ ಅದೇ ಅವಮಾನ ಮಾಡಿದರೆಂಬ ಆರೋಪ ಭಾರತದ ಹರ್ಭಜನ್ ಸಿಂಗರ ಮೇಲೆ ಬಂದಿತು. ಮೂರು ಟೆಸ್ಟುಗಳ ನಿಷೇಧವನ್ನು ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ತೆಗೆದುಹಾಕಿ, ಜನಾಂಗನಿಂದೆ ಸಿದ್ಧವಾಗಲಿಲ್ಲವೆಂದು ಹೇಳಿ, ಬೈಗುಳಕ್ಕಾಗಿ ಪಂದ್ಯಶುಲ್ಕದ ಅರ್ಧವನ್ನು ದಂಡ ಹಾಕಿದರು. ಸಿದ್ಧವಾಗದ ಆರೋಪದಿಂದ ತನ್ನ ಆಟಗಾರನನ್ನು ರಕ್ಷಿಸುವುದು ತಂಡಕ್ಕೆ ಧರ್ಮವೇ. ಆದರೆ ಆ ಜನವರಿಯಲ್ಲಿ ದೇಶದ ಮಾನವನ್ನು ಕುರಿತು ನಾವು ಆಡಿದ ಸಾವಿರ ಮಾತುಗಳ ನಡುವೆ, ಅಕ್ಟೋಬರಿನಲ್ಲಿ ನಮ್ಮ ಅಂಗಳದಲ್ಲಿ ಒಬ್ಬ ಅತಿಥಿಗೆ ಆದುದೇನೆಂಬ ಮಾತು ಬಹುಮಟ್ಟಿಗೆ ಅಡಗಿಹೋಯಿತು. 1960ರ ದಶಕದಲ್ಲಿ ಇದೇ ಮುಂಬಯಿಯ ಬೀದಿಗಳಲ್ಲಿ ಲುಂಗಿಯ ಹೆಸರಿನಲ್ಲಿ ಬೈಸಿಕೊಂಡ, ಉಡುಪಿ ಹೋಟೆಲುಗಳ ಬಾಗಿಲಲ್ಲಿ ಅಂಜಿ ನಿಂತ ದಕ್ಷಿಣದ ಮನೆತನಗಳ ಮಕ್ಕಳಾದ ನಮಗೆ ಅದು ಮರೆಯತಕ್ಕ ಮಾತಾಗಿರಲಿಲ್ಲ.

ಹಾಗೆಂದು ತಪ್ಪಿದವನನ್ನು ಒಡನೆಯೇ ಶಾಶ್ವತವಾಗಿ ಹೊರದೂಡುವುದನ್ನು ನಾನು ಒಪ್ಪಲಾರೆ. ಒಬ್ಬನನ್ನು ಬಹಿಷ್ಕರಿಸಿ ಉಳಿದವರು ಶುದ್ಧರಾದೆವೆಂದು ಭಾವಿಸುವ ಪದ್ಧತಿಯ ಫಲವನ್ನು ಈ ದೇಶ ಬೇಕಾದಷ್ಟು ಉಂಡಿದೆ. ಆ ಮಾತಿಗೆ ನಕ್ಕವರೂ ತಂಡದಲ್ಲಿಯೇ ಉಳಿದಿರುತ್ತಾರೆ. ಕೇಳಿಸಿಕೊಂಡ ನಾಯಕನು ಆ ಕ್ಷಣವೇ ತಡೆಯಲಿ. ಎರಡು ಪಕ್ಷಗಳನ್ನೂ ಕೇಳಿ, ಮಾತು ಸಿದ್ಧವಾದರೆ, ಆಡಿದವನು ಎಷ್ಟೇ ದೊಡ್ಡ ಆಟಗಾರನಾದರೂ ಕೆಲವು ಪಂದ್ಯಗಳ ಕಾಲ ಹೊರಗೆ ಕೂರಲಿ. ಅನಂತರ ಮರಳಿ ಬಂದು ಆಡಲಿ.

ಅಂದು ಆ ಬಯಲಿನ ಅಂಚಿನಲ್ಲಿ ನಾನೂ ನಿಂತಿದ್ದೆನು, ಕೇಳಿದೆನು, ಸುಮ್ಮನಿದ್ದೆನು. ಆ ಹುಡುಗನ ನೆನಪಿನಲ್ಲಿ ಉಳಿಯುವ ಸಾಕ್ಷಿಗಳಲ್ಲಿ ನಾನೂ ಒಬ್ಬನು. ಠಾಕುರ್ಲಿಯಲ್ಲಿ ಹುಡುಗರ ತಂಡಗಳನ್ನು ಕಟ್ಟುವ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು: ಮುಂದಿನ ಭಾನುವಾರ ಆ ಕೂಗು ಕೇಳಿಬಂದರೆ ಒಂದು ಗಳಿಗೆ ಆಟವನ್ನು ನಿಲ್ಲಿಸಿರಿ, ಮತ್ತು ಆ ಹುಡುಗನನ್ನು ಎಲ್ಲರಿಗೂ ಕೇಳುವಂತೆ ಅವನ ಹೆಸರು ಹಿಡಿದು ಕರೆಯಿರಿ.